ಓಮ್ನಿಯಲ್ಲಿ ಕೊನೆಕೊಯ್ಲಿನ ದಿನಗಳು

ಅಡಿಕೆ ಸುಲಿಯೋ ಮಷಿನ್ ರಿಪೇರಿ ನನ್ನ ಕಸುಬು. ಕೊನೆಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ ಕಡೆ ಮಷಿನ್‌ಗಳು ರಾತ್ರಿಯೂ ಓಡುತ್ತವೆ, ಕೈಕೊಡುವುದೂ ಹೆಚ್ಚಾಗಿ ಹತ್ತು ಗಂಟೆಯ ಮೇಲೆಯೇ. ಹಸಿ ಅಡಿಕೆ ರಾಶಿ ಬಿದ್ದಿರುವಾಗ ಬೆಳಗಿನವರೆಗೆ ಕಾಯಿರಿ ಅಂದರೆ ಯಾರು ಕೇಳುತ್ತಾರೆ? ದಿನಾ ಶಿವಮೊಗ್ಗಕ್ಕೆ ಹೋಗಿಬಂದು ಸಾಕಾಗಿ, ಹಳೇ ಓಮ್ನಿಯ ಹಿಂದಿನ ಸೀಟು ಬಿಚ್ಚಿ ಅದರಲ್ಲೇ ಮಲಗತೊಡಗಿದೆ. ಇದು ನಾಲ್ಕನೇ ವರ್ಷ.

ಗಾಡಿಯಲ್ಲಿ ವಾಸ ಮಾಡುವವರ ವಿಡಿಯೋ ನೋಡಿದರೆ ಮೊದಲು ಕಿವಿಗೆ ಬೀಳುವ ಮಾತು ‘ಹೌಸ್ ಬ್ಯಾಟರಿ’. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಮನೆಬಳಕೆಯದು ಬೇರೆ. ಕೇಳಿಸಿಕೊಂಡೆ, ಪಾಲಿಸಲಿಲ್ಲ. ಫ್ಯಾನು, ಲೈಟು, ಮೊಬೈಲು ಎಲ್ಲ ಗಾಡಿಯ ಬ್ಯಾಟರಿಗೇ ಹಾಕಿದೆ. ಒಂದು ಬೆಳಗ್ಗೆ ಕೀ ತಿರುಗಿಸಿದರೆ ‘ಟಿಕ್’ ಅಂತು, ಅಷ್ಟೇ. ತೋಟಕ್ಕೆ ಹೊರಟಿದ್ದ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರು, ನಗುತ್ತಾ ತಳ್ಳಿದರು. ರಿಪೇರಿಗೆ ಬಂದವನ ಗಾಡಿ!

ಈಗ ಮನೆಬಳಕೆಗೇ ಬೇರೆಯಾಗಿ 12.8 ವೋಲ್ಟಿನ, 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ. ಎರಡನ್ನೂ ಗುಣಿಸಿದರೆ 640 ವ್ಯಾಟ್ ಅವರ್, ಅದರಲ್ಲಿ ತುಂಬುವ ಒಟ್ಟು ಕರೆಂಟಿನ ಲೆಕ್ಕ. 20 ವ್ಯಾಟಿನ ಫ್ಯಾನು ಎಂಟು ತಾಸು ಓಡಿದರೆ 160. ಲೈಟು, ಮೊಬೈಲು ಸೇರಿಸಿದರೂ ಎರಡು ರಾತ್ರಿಗೆ ಧಾರಾಳ. ಮಾಮೂಲಿ ಲೆಡ್ ಆಸಿಡ್ ಆಗಿದ್ದರೆ ಅರ್ಧಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ, ಆಯಸ್ಸು ಕಮ್ಮಿಯಾಗುತ್ತದೆ.

ಸೋಲಾರ್ ಪ್ಯಾನಲ್ಲನ್ನು ಗಾಡಿಯ ಮೇಲೆ ಕೂರಿಸಿದ್ದು ನನ್ನ ದಡ್ಡತನ. ತೋಟದ ಪಕ್ಕ ನಿಲ್ಲಿಸಿದರೆ ಒಂದು ಸೋಗೆಯ ನೆರಳು ಅಡ್ಡ ಬಿದ್ದರೂ ಸಾಕು, ಒಳಗಿನ ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಇಡೀ ಪ್ಯಾನಲ್ಲಿನ ಕರೆಂಟು ಕುಸಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ಒಳ್ಳೆ ಬಿಸಿಲು ಬೀಳುವ ಜಾಗ ಒಂದೇ, ಅಡಿಕೆ ಒಣಹಾಕುವ ಅಂಗಳ. ಅಲ್ಲಿ ಗಾಡಿ ನಿಲ್ಲಿಸಿದರೆ ಬೈಸಿಕೊಳ್ಳಬೇಕು. ಪ್ಯಾನಲ್ ಕಳಚಿ, ಉದ್ದ ವಯರ್ ಹಾಕಿ, ಅಡಿಕೆ ಪಕ್ಕದಲ್ಲೇ ಒರಗಿಸಿಡುವುದು ಕಲಿತೆ. ಸಂಜೆ ಅಡಿಕೆ ಬಾಚುವಾಗ ಒಬ್ಬ ಅಮ್ಮ ಕೂಗುತ್ತಾರೆ, “ತಮ್ಮಾ, ನಿಂದೂ ಒಣಗ್ತೇನಾ? ಒಳಗಿಡು ಮಾರಾಯ, ಇಬ್ಬನಿ ಬೀಳ್ತದೆ.”

ಇಬ್ಬನಿ ಗಾಡಿಯ ಒಳಗೂ ಬೀಳುತ್ತದೆ. ಅದಕ್ಕೆ ವಿಡಿಯೋದವರು ‘ಕಂಡೆನ್ಸೇಶನ್’ ಅನ್ನುತ್ತಾರೆ. ಚಳಿಯೆಂದು ಗಾಜು ಪೂರ್ತಿ ಏರಿಸಿ ಮಲಗಿದರೆ ನಮ್ಮ ಉಸಿರಿನ ತೇವವೇ ತಗಡಿಗೆ ತಾಗಿ ನೀರಾಗಿ ಬೆಳಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮೊದಲ ವರ್ಷ ಹಾಸಿಗೆ ಎತ್ತಿ ನೋಡಿದರೆ ಪ್ಲೈವುಡ್ ಮೇಲೆ ಹಸಿರು ಬೂಷ್ಟು, ಹಳೇ ಕಂಬಳಿಯ ವಾಸನೆ. ಪ್ಲೈವುಡ್ ಕಿತ್ತೆಸೆದು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಬೆರಳಗಲ ಸಂದು ಬಿಟ್ಟು ಜೋಡಿಸಿದೆ. ಕೆಳಗಿನಿಂದ ಗಾಳಿ ಆಡುತ್ತದೆ. ಎರಡೂ ಕಡೆ ಗಾಜು ಎರಡು ಬೆರಳು ಇಳಿಸಿ ಸೊಳ್ಳೆ ಪರದೆ ಕಟ್ಟುತ್ತೇನೆ. ಆಮೇಲೆ ಬೂಷ್ಟು ಬಂದಿಲ್ಲ.

ಒಳಗೆ ಅಡುಗೆ ಮಾಡುವುದಿಲ್ಲ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಚಳಿಗೆ ಅಂತ ಅಗ್ಗಿಷ್ಟಿಕೆಯ ಕೆಂಡವನ್ನಂತೂ ಒಳಗೆ ತರಲೇಬಾರದು, ಅದರಿಂದ ಬರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ‘ಗ್ರೇ ವಾಟರ್’ ಅಂದರೆ ನಮ್ಮ ಬಚ್ಚಲ ನೀರು. ಹತ್ತು ಲೀಟರಿನ ಕ್ಯಾನಿನಲ್ಲಿ ಹಿಡಿದು ಯಜಮಾನರನ್ನು ಕೇಳಿ ಬಾಳೆಬುಡಕ್ಕೆ ಸುರಿಯುತ್ತೇನೆ. ‘ಬ್ಲ್ಯಾಕ್ ವಾಟರ್’, ಅಂದರೆ ಪಾಯಖಾನೆಯದು, ನನಗಿಲ್ಲ. ರಿಪೇರಿಯವನಿಗೆ ಅಷ್ಟು ಉಪಕಾರ ಎಲ್ಲ ಮನೆಯವರೂ ಮಾಡುತ್ತಾರೆ.

‘ಸ್ಟೆಲ್ತ್ ಕ್ಯಾಂಪಿಂಗ್’ ಎಂಬುದೊಂದಿದೆ, ಯಾರಿಗೂ ಗೊತ್ತಾಗದ ಹಾಗೆ ಗಾಡಿಯಲ್ಲಿ ಮಲಗುವುದು. ನಮ್ಮ ಕಡೆ ಅದು ನಡೆಯುವ ಮಾತಲ್ಲ. ಗುರುತಿಲ್ಲದ ಓಮ್ನಿ ರಾತ್ರಿ ಕಾಡಂಚಿಗೆ ನಿಂತರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಗಂಧದ ಕಳ್ಳನೋ ಎಂದು ಟಾರ್ಚ್ ಹಿಡಿದು ಜನ ಬರುತ್ತಾರೆ. ಕೇಳಿಯೇ ಅಂಗಳದಲ್ಲಿ ನಿಲ್ಲಿಸುವುದು ಒಳ್ಳೆಯದು.

ಕಾಡಂಚು ಬೇಡ ಅನ್ನಲು ಇನ್ನೂ ದೊಡ್ಡ ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದದ್ದು, ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಕಚ್ಚಿ ಬರುವುದು. ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಅದರ ಕಾಲ, ನನ್ನ ಸೀಸನ್ನೂ ಅದಕ್ಕೇ ತಗಲಿಕೊಂಡಿದೆ. ಒಣ ದರಗಿನ, ಅಂದರೆ ಉದುರಿದ ಎಲೆಗಳ ಮೇಲೆ ಗಾಡಿ ನಿಲ್ಲಿಸುವುದಿಲ್ಲ, ಚಾಪೆಯನ್ನಂತೂ ಹಾಸುವುದೇ ಇಲ್ಲ. ಮಲಗುವ ಮುಂಚೆ ಪ್ಯಾಂಟಿನ ಮಡಿಕೆ, ಮೊಣಕಾಲಿನ ಹಿಂಭಾಗ, ಸೊಂಟದ ಪಟ್ಟಿ ಇಷ್ಟಕ್ಕೂ ಟಾರ್ಚ್ ಬಿಟ್ಟು ನೋಡಿಕೊಂಡ ಮೇಲೆಯೇ ಬಾಗಿಲು ಎಳೆದುಕೊಳ್ಳುವುದು.