ಜೋನಿ ಬೆಲ್ಲಕ್ಕೆ ವಾಟ್ಸಾಪ್ ಮೆಸೇಜು ಬರೆಯುವುದು

‘ಶುದ್ಧ, ನೈಸರ್ಗಿಕ, ಮಲೆನಾಡಿನ ಅಪ್ಪಟ ಜೋನಿ ಬೆಲ್ಲ.’ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ, ಗಟ್ಟಿಯಾಗುವ ಮೊದಲೇ ಇಳಿಸಿದ ನೀರು ಬೆಲ್ಲವೇ ಜೋನಿ. ಅದನ್ನು ಮಾರುವವರು ಗಿರಾಕಿಗಳಿಗೆ ಕಳಿಸುವ ಈ ಸಾಲಿಗೆ ಯಾರೂ ಉತ್ತರ ಬರೆಯುವುದಿಲ್ಲ. ಕಲಬೆರಕೆ ಮಾಡುವವನೂ ಇದನ್ನೇ ಬರೆಯುತ್ತಾನೆ. ‘ಆಲೆಮನೆ ಶುರುವಾಯ್ತು, ನಿನ್ನೆ ರಾತ್ರಿ ಮೊದಲ ಕೊಪ್ಪರಿಗೆ ಇಳಿಸಿದೆವು’ ಎಂದು ಹಾಕಿ ನೋಡಿ. ಸಾಗರ, ಶಿರಸಿ ಕಡೆಯಿಂದ ಬೆಂಗಳೂರು ಸೇರಿದವರು ತಾವಾಗಿಯೇ ‘ರೇಟೆಷ್ಟು?’ ಅಂತ ಕೇಳುತ್ತಾರೆ. ಮೆಸೇಜು ತೆರೆಯುವ ಮೊದಲು ಕಾಣುವುದು ಅದರ ಮೊದಲ ಸಾಲು ಮಾತ್ರ. ‘ಆತ್ಮೀಯ ಗ್ರಾಹಕರೇ’ ಎಂದು ಅದನ್ನು ಕಳೆಯಬಾರದು.

ಏನು ಬರೆಯಬೇಕೆಂಬುದು ಗಿರಾಕಿಗಳ ಪ್ರಶ್ನೆಗಳಲ್ಲೇ ಇರುತ್ತದೆ. ಫೋನಿನಲ್ಲಿ ಕೇಳಿದ್ದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿಗೆ ಇಳಿಸುತ್ತೇವೆ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಮುಂದಿನ ಮೆಸೇಜು ಅದೇ. ‘ತಳದಲ್ಲಿ ಸಕ್ಕರೆ ಕೂತಿದೆಯಲ್ಲ, ಬೆರೆಸಿದ್ದೀರಾ?’ ಎಂಬುದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಕಬ್ಬಿನ ಹಾಲಿನದೇ ಸಕ್ಕರೆ ನಿಧಾನಕ್ಕೆ ಹರಳುಗಟ್ಟಿ ತಳಕ್ಕಿಳಿಯುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ದೂರು ಬಂದಮೇಲೆ ಇದನ್ನು ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ. ಅದಕ್ಕೇ ಹರಳು ಕೂತ ಬಾಟಲಿಯ ಫೋಟೋವನ್ನು ಸೀಸನ್ನಿನ ಮೊದಲ ವಾರವೇ ಹಾಕಿಬಿಡುತ್ತೇವೆ.

ಎರಡನೆಯದು ಬಣ್ಣ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲದ ಹಳದಿಗೆ ಒಗ್ಗಿದ ಕಣ್ಣಿಗೆ ಕಂದು ಜೋನಿ ‘ಸೀದಂತೆ’ ಕಾಣುತ್ತದೆ. ‘ರಾಸಾಯನಿಕ ಮುಕ್ತ’ ಎಂಬ ಎರಡು ಪದಗಳಿಂದ ಈ ಅನುಮಾನ ಹೋಗದು. ಬೆಂಡೆಗಿಡದ ಲೋಳೆ ಹಾಕಿದಾಗ ಕೊಳೆ ನೊರೆಯಾಗಿ ಮೇಲೇಳುತ್ತದಲ್ಲ, ಅದನ್ನು ತೆಗೆಯುವ 20 ಸೆಕೆಂಡಿನ ವಿಡಿಯೋ ಸಾಕು. ಆವಿಗೆ ಲೆನ್ಸ್ ಮಸುಕಾಗುತ್ತದೆ. ಗಾಳಿಗೆ ಬೆನ್ನುಹಾಕಿ ನಿಂತು ತೆಗೆಯಿರಿ. ಹಾಡು ಸೇರಿಸಬೇಡಿ, ಕುದಿಯುವ ಸದ್ದೇ ಚೆಂದ.

ಗಿರಾಕಿಗಳ ಪಟ್ಟಿ ಎರಡಿರಲಿ. ಜೋನಿ ತಿಂದೇ ಬೆಳೆದವರಿಗೆ ದಿನಾಂಕ, ದರ ಸಾಕು. ತೆಳ್ಳೇವಿಗೆ (ತೆಳು ದೋಸೆಗೆ) ಹೇಗೆ ಹಚ್ಚಬೇಕೆಂದು ಅವರಿಗೆ ಕಲಿಸಹೊರಟರೆ ನಗುತ್ತಾರೆ. ಹೊಸಬರಿಗೆ ‘ಜೇನಿನಂತೆ ಸುರಿಯುವ ಬೆಲ್ಲ’ ಎಂದು ಶುರುಮಾಡಿ, ದೋಸೆಯ ಮೇಲೆ ಬೆಲ್ಲ, ತುಪ್ಪ ಬಿದ್ದ ಫೋಟೋ ಹಾಕುತ್ತೇವೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳಬೇಕು, ಫ್ಲ್ಯಾಶ್ ಹಾಕಿದರೆ ಜೋನಿ ಡಾಂಬರಿನಂತೆ ಕಾಣುತ್ತದೆ.

ಅಳತೆಯ ಗೊಂದಲ ಬೇರೆ. ಜೋನಿ ನೀರಿಗಿಂತ ತೂಕ, ಒಂದು ಕೆಜಿ ಸುಮಾರು ಮುಕ್ಕಾಲು ಲೀಟರ್ ಬಾಟಲಿಯಲ್ಲಿ ಹಿಡಿಯುತ್ತದೆ. ಹೇಳದೇ ಕಳಿಸಿದರೆ ‘ಕಮ್ಮಿ ಇದೆ’ ಎಂಬ ಫೋನು ಖಂಡಿತ. ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು, ಖಾಲಿ ಬಾಟಲಿಯ ತೂಕ ಕಳೆದು ತೋರಿಸಿದ ಫೋಟೋ ಇದಕ್ಕೆ ಮದ್ದು. ದರವನ್ನು ಕೊರಿಯರ್ ಸೇರಿಸಿ ಮೆಸೇಜಿನಲ್ಲೇ ಬರೆಯಿರಿ. ‘ದರಕ್ಕೆ ಸಂಪರ್ಕಿಸಿ’ ಅಂದರೆ ದುಬಾರಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ.

‘ಸಕ್ಕರೆ ಕಾಯಿಲೆಯವರೂ ತಿನ್ನಬಹುದು’ ಎಂದು ಬರೆಯುವವರಿದ್ದಾರೆ. ಅದು ಸುಳ್ಳು, ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ರೋಗ ಗುಣಪಡಿಸುತ್ತದೆ ಎಂದು ಆಹಾರಕ್ಕೆ ಜಾಹೀರಾತು ಕೊಡುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲೂ ಅವಕಾಶವಿಲ್ಲ.

ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜು ತಲುಪುತ್ತದೆ. ಬರೆದದ್ದು ಚೆನ್ನಾಗಿದ್ದೂ ಉತ್ತರ ಬಾರದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಮೊದಲ ಆರ್ಡರಿನ ಡಬ್ಬಿಯೊಳಗೆ ‘ಮುಂದಿನ ಆಲೆಮನೆಯ ಸುದ್ದಿಗೆ ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡುತ್ತೇವೆ. ಸೀಸನ್ನಿನಲ್ಲಿ ವಾರಕ್ಕೊಂದೇ ಮೆಸೇಜು, ಬೆಲ್ಲ ಮುಗಿದ ದಿನ ‘ಮುಗಿಯಿತು’ ಎಂದು ಇನ್ನೊಂದು.