“ಈ ಹುಡುಗ ನಿಮಗೆ ಏನಾಗಬೇಕು?”

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ ಒಂದು ಸಣ್ಣ ಸೇವಾ ಸಂಸ್ಥೆ ನಡೆಸುತ್ತೇನೆ. ಕಡಿಮೆ ಆದಾಯದ ಮನೆಯವರಿಗೆ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನಮ್ಮ ಕೆಲಸ. ಅದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದರು, “ಬಡವರಿಗೆ ಎಂಥ ಟ್ಯಾಕ್ಸ್ ಕಣೇ? ಕಟ್ಟೋಕೆ ಅವರ ಹತ್ರ ಏನಿರುತ್ತೆ?” ದಾವಣಗೆರೆಯಲ್ಲಿ ಕೂತವರಿಗೆ ಹಾಗೆ ಅನ್ನಿಸುವುದು ಸಹಜ. ಇಲ್ಲಿ ಲೆಕ್ಕ ಬೇರೆ. ಬಡವರು ರಿಟರ್ನ್ ಹಾಕುವುದು ಕಟ್ಟುವುದಕ್ಕಲ್ಲ, ಪಡೆಯುವುದಕ್ಕೆ. ದುಡಿದರೂ ಸಾಲದೆ ಬರುವ ಮನೆಗಳಿಗೆ ಸರ್ಕಾರ ಕೊಡುವ ದೊಡ್ಡ ನೆರವು ಟ್ಯಾಕ್ಸ್ ರಿಟರ್ನ್ ಮೂಲಕವೇ ಬರುತ್ತದೆ. ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್ ಅಂತ ಅದರ ಹೆಸರು. 1975ರಿಂದ ಇದೆ. 2024ನೇ ವರ್ಷದ ಆದಾಯಕ್ಕೆ, ಮೂರು ಅಥವಾ ಹೆಚ್ಚು ಮಕ್ಕಳಿರುವ ಮನೆಗೆ 7,830 ಡಾಲರ್ ತನಕ ಸಿಗುತ್ತಿತ್ತು. ನ್ಯೂಜೆರ್ಸಿ ರಾಜ್ಯ ಅದರ ಮೇಲೆ ಇನ್ನೂ ಶೇಕಡ 40 ಸೇರಿಸಿ ಕೊಡುತ್ತದೆ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ರಿಟರ್ನ್ ಹಾಕಬೇಕು, ಸರಿಯಾಗಿ ಹಾಕಬೇಕು. ಅರ್ಹರಾದ ಐದು ಜನರಲ್ಲಿ ಒಬ್ಬರು ಇದನ್ನು ಕೇಳುವುದೇ ಇಲ್ಲ ಎಂದು ಇಲ್ಲಿನ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ತಾನೇ ಹೇಳುತ್ತದೆ.

ಕೇಳುವವರೂ ಹೋಗುವುದು ಹೆಚ್ಚಾಗಿ ದುಡ್ಡು ತೆಗೆದುಕೊಂಡು ರಿಟರ್ನ್ ತುಂಬುವ ಅಂಗಡಿಗಳಿಗೆ. ಇಲ್ಲಿ ಬಹುಪಾಲು ರಾಜ್ಯಗಳಲ್ಲಿ ಈ ಕೆಲಸಕ್ಕೆ ಪರೀಕ್ಷೆ, ಲೈಸೆನ್ಸ್ ಏನೂ ಬೇಕಿಲ್ಲ. ಐಆರ್‌ಎಸ್‌ನಿಂದ ಒಂದು ನಂಬರ್ ಪಡೆದರೆ ಸಾಕು, ಯಾರು ಬೇಕಾದರೂ ಅಂಗಡಿ ತೆರೆಯಬಹುದು. ಅಂಥ ಒಂದು ಕಡೆ ಮುಗಿಸಿಕೊಂಡು ಬಂದ ಒಬ್ಬ ಅಡುಗೆ ಕೆಲಸದವರ ರಸೀದಿ ನೋಡಿದ್ದೆ. ಎರಡು ಪುಟದ ರಿಟರ್ನಿಗೆ 400 ಡಾಲರ್ ಮೇಲೆ. ಅದು ಅವರ ಒಂದು ವಾರದ ಸಂಬಳ. ಹೊಟ್ಟೆ ಉರಿಯಿತು.

ನಾನು ಈ ಕೆಲಸಕ್ಕೆ ಬಂದದ್ದು ಗಂಡನ ಕೆಲಸದ ಹಿಂದೆ ಅಮೆರಿಕಕ್ಕೆ ಬಂದ ಮೇಲೆ. ಬಿ.ಕಾಂ ಓದಿದ್ದೆ, ಊರಿನ ಸಹಕಾರಿ ಬ್ಯಾಂಕಿನಲ್ಲಿ ಆರು ವರ್ಷ ಕೌಂಟರ್‌ನಲ್ಲಿ ಕೂತಿದ್ದೆ. ಇಲ್ಲಿ ಎಚ್-4 ವೀಸಾ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿಗೆ ಅಥವಾ ಗಂಡನಿಗೆ ಸಿಗುವುದು. ಆಗ ಅದರಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. 2012ರಲ್ಲಿ ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿದೆ, ‘ತೆರಿಗೆ ನೆರವಿಗೆ ಸ್ವಯಂಸೇವಕರು ಬೇಕು’ ಅಂತ. ವೀಟಾ ಎನ್ನುವ ಕಾರ್ಯಕ್ರಮ ಅದು. ಐಆರ್‌ಎಸ್ ತರಬೇತಿ ಮತ್ತು ಸಾಫ್ಟ್‌ವೇರ್ ಕೊಡುತ್ತದೆ. ಜಾಗ, ಜನ, ಜವಾಬ್ದಾರಿ ಎಲ್ಲ ಸ್ಥಳೀಯ ಸಂಸ್ಥೆಗಳದು. ಐವತ್ತು ವರ್ಷಕ್ಕೂ ಹಳೆಯದು. ಪರೀಕ್ಷೆಯಲ್ಲಿ ಶೇಕಡ 80 ಬಂದರೆ ಮಾತ್ರ ರಿಟರ್ನ್ ಮುಟ್ಟಬಹುದು. ಬರೆದೆ, ಪಾಸಾದೆ, ಮೇಜಿನ ಮುಂದೆ ಕೂತೆ. ವರ್ಷಗಳು ಕಳೆದವು, ಗ್ರೀನ್ ಕಾರ್ಡ್ ಬಂತು. 2018ರ ಕೊನೆಗೆ ಅದೇ ಸಂಸ್ಥೆಯ ಮುಖ್ಯಸ್ಥೆ ಆಗಿ ಅಂದರು, ಒಪ್ಪಿಕೊಂಡೆ.

ಮುಖ್ಯಸ್ಥೆಯಾಗಿ ನನ್ನ ಮೊದಲ ಸೀಸನ್, ಅಂದರೆ ರಿಟರ್ನ್ ಹಾಕುವ ಕಾಲ, 2019. ಅದೊಂದು ಕಷ್ಟದ ವರ್ಷ. ಹೊಸ ತೆರಿಗೆ ಕಾನೂನು ಜಾರಿಗೆ ಬಂದ ಮೇಲೆ ಮೊದಲ ಸಲ ಜನ ರಿಟರ್ನ್ ಹಾಕುತ್ತಿದ್ದರು. ರಿಟರ್ನಿನ ಮುಖ್ಯ ಫಾರ್ಮ್ ಆದ 1040 ಅನ್ನೇ ಕತ್ತರಿಸಿ ಚಿಕ್ಕದು ಮಾಡಿ, ಉಳಿದದ್ದನ್ನೆಲ್ಲ ಆರು ಬೇರೆ ಹಾಳೆಗಳಿಗೆ ಹಾಕಿದ್ದರು. ಹಳೆಯ ಸ್ವಯಂಸೇವಕರೂ ತಡವರಿಸುತ್ತಿದ್ದರು. ನನಗೋ ಸಂಖ್ಯೆಯ ಚಿಂತೆ. ನಮಗೆ ಬರುವ ಮುಖ್ಯ ಅನುದಾನ ಫೆಡರಲ್ ಸರ್ಕಾರದ್ದು. ಅವರು ಒಂದು ಡಾಲರ್ ಕೊಡಬೇಕಾದರೆ ನಾವೂ ಒಂದು ಡಾಲರಿನಷ್ಟು ಹೊಂದಿಸಬೇಕು. ಹೊಂದಿಸಬೇಕಾದರೆ ದಾನಿಗಳಿಗೆ ‘ಇಷ್ಟು ಮನೆಗಳಿಗೆ ಮಾಡಿಕೊಟ್ಟೆವು’ ಅಂತ ತೋರಿಸಬೇಕು. ಹಿಂದಿನ ವರ್ಷ 800 ರಿಟರ್ನ್ ಆಗಿತ್ತು. ನಾನು ಸಾವಿರ ಮಾಡುತ್ತೇನೆ ಅಂತ ಬೋರ್ಡಿಗೆ ಮಾತು ಕೊಟ್ಟುಬಿಟ್ಟಿದ್ದೆ.

ಫೆಬ್ರವರಿಯ ಒಂದು ಶನಿವಾರ. ಎರಡು ಗಂಟೆ ಹೊತ್ತಿಗೆ ಹೊರಗೆ ಇಪ್ಪತ್ತು ಜನ, ಮಡಿಲಲ್ಲಿ ಮಕ್ಕಳು. ಕನ್ನಡದವಳೇ ಆದ ಒಬ್ಬ ಹುಡುಗಿ, ನನ್ನ ಹಾಗೇ ಎಚ್-4ನಲ್ಲಿ ಬಂದವಳು, ಓಡಿಬಂದು “ಅಕ್ಕಾ, ಚೆಕ್ ಮಾಡೋರು ಇಬ್ಬರೇ ಇದ್ದಾರೆ, ಎಲ್ಲ ಅಲ್ಲೇ ನಿಂತುಬಿಟ್ಟಿದೆ” ಅಂದಳು. ನಮ್ಮಲ್ಲಿ ಒಬ್ಬರು ತುಂಬಿದ ರಿಟರ್ನನ್ನು ಇನ್ನೊಬ್ಬರು, ಬಂದವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೊದಲಿಂದ ಕೊನೆತನಕ ನೋಡಬೇಕು. ಇದು ವೀಟಾದ ನಿಯಮ. ಅವತ್ತು ನಾನು ಹೇಳಿದೆ, “ಸುಲಭದ ಕೇಸುಗಳನ್ನು ಮಾಡಿದವರೇ ಇನ್ನೊಂದು ಸಲ ನೋಡಿ ಕಳಿಸಿಬಿಡಿ.” ಆ ಮಾತು ನನ್ನ ಬಾಯಿಂದಲೇ ಬಂತು. ಬೇರೆ ಯಾರೂ ಹೇಳಲಿಲ್ಲ.

ಹತ್ತು ದಿನ ಆದ ಮೇಲೆ ಒಬ್ಬ ಹೆಂಗಸು ತಮ್ಮ ರಿಟರ್ನಿನ ಒಂದು ಕಾಪಿ ಬೇಕು ಅಂತ ಬಂದರು. ಆಸ್ಪತ್ರೆಯಲ್ಲಿ ಕಸ ಗುಡಿಸಿ ಒರೆಸುವ ಕೆಲಸ. ವರ್ಷಕ್ಕೆ 17,000 ಡಾಲರ್. ಪಕ್ಕದಲ್ಲಿ ಹನ್ನೊಂದು ವರ್ಷದ ಹುಡುಗ, ಕೈಯಲ್ಲಿ ಲೈಬ್ರರಿಯ ಪುಸ್ತಕ. ನಾನು ಸುಮ್ನೆ ಮಾತಿಗೆ ಕೇಳಿದೆ, “ಈ ಹುಡುಗ ನಿಮಗೆ ಏನಾಗಬೇಕು?” ಸ್ಪ್ಯಾನಿಷ್ ಬರುವ ಸ್ವಯಂಸೇವಕಿ ಅವರ ಉತ್ತರ ಹೇಳಿದಳು. ಅಕ್ಕನ ಮಗ. ಅಕ್ಕ ತೀರಿಕೊಂಡು ನಾಲ್ಕು ವರ್ಷ ಆಯಿತು. ಆವಾಗಿನಿಂದ ಇವರೇ ಸಾಕುತ್ತಿದ್ದಾರೆ.

ಕಾಪಿ ತೆಗೆದು ನೋಡಿದೆ. ಒಂಟಿ ವ್ಯಕ್ತಿ, ಅವಲಂಬಿತರು ಯಾರೂ ಇಲ್ಲ.

ಫೈಲ್ ತೆರೆದೆ. ಬಂದವರೆಲ್ಲರೂ ಮೊದಲು ತುಂಬುವ ಒಂದು ಫಾರ್ಮ್ ಇದೆ, 13614-ಸಿ. ಮನೆಯಲ್ಲಿ ಯಾರ್ಯಾರಿದ್ದಾರೆ, ನಿಮಗೆ ಏನಾಗಬೇಕು, ಎಷ್ಟು ತಿಂಗಳು ನಿಮ್ಮ ಜೊತೆ ಇದ್ದರು ಅಂತ ಅದರಲ್ಲಿ ಕೇಳುತ್ತಾರೆ. ಅಲ್ಲಿ ಆ ಹುಡುಗನ ಹೆಸರಿತ್ತು. ‘ಅಕ್ಕನ ಮಗ, 12 ತಿಂಗಳು’ ಅಂತ ಸ್ಪಷ್ಟವಾಗಿ ಬರೆದಿತ್ತು. ತುಂಬಿದ ಹೊಸ ಸ್ವಯಂಸೇವಕ ‘ಸ್ವಂತ ಮಗ ಅಲ್ಲವಲ್ಲ’ ಅಂತ ಬಿಟ್ಟುಬಿಟ್ಟಿದ್ದ. ಕಾನೂನು ಹಾಗೆ ಹೇಳುವುದಿಲ್ಲ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಜೊತೆಗಿದ್ದರೆ, ಅಕ್ಕನ ಮಗ, ತಮ್ಮನ ಮಗಳು, ಮೊಮ್ಮಗು ಎಲ್ಲರೂ ಈ ಕ್ರೆಡಿಟ್‌ಗೆ ಮಕ್ಕಳೇ. ನಮ್ಮೂರ ಕಡೆ ಅಕ್ಕನ ಮಗನನ್ನು ‘ನಮ್ಮ ಹುಡುಗ’ ಅನ್ನುತ್ತಾರಲ್ಲ, ಈ ವಿಷಯದಲ್ಲಿ ಅಮೆರಿಕದ ಕಾನೂನೂ ಹಾಗೇ ಅನ್ನುತ್ತದೆ.

ನಷ್ಟ ಎಷ್ಟು ಅಂತ ಲೆಕ್ಕ ಹಾಕಿದೆ. 2018ಕ್ಕೆ ಒಂದು ಮಗುವಿದ್ದರೆ ಅರ್ನ್ಡ್ ಇನ್‌ಕಮ್ ಕ್ರೆಡಿಟ್ 3,461 ಡಾಲರ್. ಮಗುವಿಲ್ಲದೆ ಅವರ ಸಂಬಳಕ್ಕೆ ಸಿಗುತ್ತಿದ್ದುದು ಸೊನ್ನೆ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನಿಂದ ಕೈಗೆ ಬರಬೇಕಾದ 1,400. ಮನೆಯ ಯಜಮಾನಿ ಅಂತ ತೋರಿಸದೆ ಒಂಟಿ ವ್ಯಕ್ತಿ ಅಂತ ತೋರಿಸಿದ್ದಕ್ಕೆ ಸುಮ್ಮನೆ ಕಟ್ಟಿದ ಟ್ಯಾಕ್ಸ್ ಬೇರೆ. ಫೆಡರಲ್ ಲೆಕ್ಕದಲ್ಲೇ 5,000 ಡಾಲರಿಗೂ ಜಾಸ್ತಿ. ಅವರ ಮೂರೂವರೆ ತಿಂಗಳ ದುಡಿಮೆ.

ಅವರಿಗೆ ಕುರ್ಚಿ ಕೊಟ್ಟು, ಎದುರಿಗೆ ಕೂತು, ತಪ್ಪು ನಮ್ಮದು ಅಂದೆ. ಅವರು ಸಿಟ್ಟಾಗಲಿಲ್ಲ. ಹುಡುಗನ ತಲೆ ಸವರಿ, “ಹಾಗಾದ್ರೆ ಇವನೂ ಲೆಕ್ಕಕ್ಕೆ ಬರ್ತಾನಾ?” ಅಂತ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನೊಳಗೆ ಇದೆ.

ಆ ಕಾಲಕ್ಕೆ ತಿದ್ದುಪಡಿ ರಿಟರ್ನನ್ನು ಕಂಪ್ಯೂಟರಿನಲ್ಲಿ ಕಳಿಸಲು ಆಗುತ್ತಿರಲಿಲ್ಲ. 1040-ಎಕ್ಸ್ ಕಾಗದದಲ್ಲೇ ಅಂಚೆಗೆ ಹಾಕಬೇಕಿತ್ತು. ಹುಡುಗ ಅವರ ವಿಳಾಸದಲ್ಲೇ ಇದ್ದಾನೆ ಅಂತ ಶಾಲೆಯಿಂದ ಪತ್ರ ತರಿಸಿದೆವು. ಜನನ ಪ್ರಮಾಣಪತ್ರ ಹುಡುಕಿಸಿದೆವು. ದುಡ್ಡು ಬಂದದ್ದು ಆಗಸ್ಟಿನಲ್ಲಿ. ಫೆಬ್ರವರಿ ಕೊನೆಗೆ ಬಾಡಿಗೆ ಬಾಕಿ ತೀರಿಸಬೇಕಾಗಿದ್ದ ದುಡ್ಡು ಅದು.

ಆ ಶನಿವಾರದ ರಿಟರ್ನುಗಳನ್ನೆಲ್ಲ ಒಂದೊಂದಾಗಿ ಮತ್ತೆ ತೆಗೆದೆವು. ಇನ್ನೂ ಎರಡು ತಪ್ಪು ಸಿಕ್ಕವು, ಸಣ್ಣವು. ಆ ಮನೆಗಳಿಗೂ ನಾನೇ ಫೋನ್ ಮಾಡಿದೆ.

ಆಮೇಲೆ ಏನು ಬದಲಾಯಿಸಿದೆ ಅಂತ ಬೇರೆ ಸಂಸ್ಥೆಯವರು ಕೇಳುತ್ತಾರೆ. ಮುಖ್ಯವಾಗಿ ಜನರನ್ನು ಕೂರಿಸುವ ಜಾಗ. ಮೊದಲು ಬಾಗಿಲ ಬಳಿಯ ಮೇಜಿಗೆ ಹೊಸಬರನ್ನು ಹಾಕುತ್ತಿದ್ದೆವು. ಹೆಸರು ಬರೆದುಕೊಳ್ಳುವುದು ತಾನೇ ಅಂತ. ಈಗ ಅಲ್ಲಿ ಅತ್ಯಂತ ಅನುಭವಿಗಳು ಕೂರುತ್ತಾರೆ. ತಪ್ಪು ಹುಟ್ಟುವುದು ಸಾಫ್ಟ್‌ವೇರ್‌ನಲ್ಲಿ ಅಲ್ಲ, ಕೇಳದೆ ಬಿಟ್ಟ ಪ್ರಶ್ನೆಯಲ್ಲಿ. ಅಲ್ಲಿ ಕೂರುವವರಿಗೆ ಟ್ಯಾಕ್ಸ್ ಜೊತೆ ಮನುಷ್ಯರೂ ಗೊತ್ತಿರಬೇಕು. ‘ಮನೆಯಲ್ಲಿ ಯಾರಿದ್ದಾರೆ’ ಅಂದರೆ ಜನ ಹಿಂಜರಿಯುತ್ತಾರೆ. ‘ರಾತ್ರಿ ಊಟಕ್ಕೆ ಯಾರ್ಯಾರು ಕೂರುತ್ತೀರಿ’ ಅಂತ ಕೇಳಿದರೆ ಸರಾಗವಾಗಿ ಹೇಳುತ್ತಾರೆ. ಬ್ಯಾಂಕಿನ ಕೌಂಟರ್‌ನಲ್ಲಿ ಕಲಿತ ಪಾಠ ಇದು. ಸಾಲದ ಅರ್ಜಿ ತುಂಬುವಾಗ ಹಿರಿಯ ಗುಮಾಸ್ತರೊಬ್ಬರು ಹೀಗೇ ಕೇಳುತ್ತಿದ್ದರು. ನಮ್ಮಲ್ಲಿ ಆ ಮೇಜಿನಲ್ಲಿ ಈಗ ಇರುವವರು ಒಬ್ಬ ನಿವೃತ್ತ ಬಸ್ ಡ್ರೈವರ್. ಅಕೌಂಟೆಂಟ್‌ಗಳಿಗಿಂತ ಅವರು ಆ ಜಾಗಕ್ಕೆ ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಎರಡನೆಯದು, ಚೆಕ್ ಮಾಡುವವರು ಎಷ್ಟು ಜನ ಇದ್ದಾರೋ ಅಷ್ಟಕ್ಕೇ ಅಪಾಯಿಂಟ್‌ಮೆಂಟ್. ಒಬ್ಬರು ಜ್ವರ ಅಂತ ಬರದಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ ಐದು ಮನೆಯವರನ್ನು ಮುಂದಿನ ವಾರಕ್ಕೆ ಹಾಕುತ್ತೇವೆ. ಕೆಲಸಕ್ಕೆ ರಜೆ ಹಾಕಿ ಬರುವವರಿಗೆ ಹಾಗೆ ಹೇಳುವುದು ಸಂಕಟ. ಆ ಫೋನ್‌ಗಳನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ.

ಆ ವರ್ಷ ಸಾವಿರ ಆಗಲಿಲ್ಲ, 760 ಆಯಿತು. ಬೋರ್ಡಿನ ಸಭೆಯಲ್ಲಿ ಆ ಹೆಂಗಸಿನ ಕಥೆಯನ್ನು ಹೆಸರು ಹೇಳದೆ ಪೂರ್ತಿ ಹೇಳಿದೆ. ನನ್ನ ಮಾತಿನಿಂದಲೇ ಆದದ್ದು ಅಂತಲೂ ಹೇಳಿದೆ. ಒಬ್ಬರು ‘ದಾನಿಗಳಿಗೆ ಇದನ್ನು ಹೇಳಬೇಕಾ?’ ಅಂದರು. ಹೇಳಲೇಬೇಕು ಅಂದೆ. ಅವತ್ತಿನಿಂದ ನಮ್ಮ ವರದಿಯಲ್ಲಿ ಎಷ್ಟು ರಿಟರ್ನ್ ಅನ್ನುವುದರ ಪಕ್ಕದಲ್ಲಿ, ಎರಡನೇ ಕಣ್ಣಿಗೆ ಎಷ್ಟು ತಪ್ಪು ಸಿಕ್ಕಿ ಸರಿಯಾದವು ಅನ್ನುವುದೂ ಇರುತ್ತದೆ. ಒಬ್ಬ ದಾನಿ ಕೈಬಿಟ್ಟರು. ಇನ್ನೊಬ್ಬರು ಆ ಸಂಖ್ಯೆ ನೋಡಿಯೇ ಕೊಡಲು ಶುರುಮಾಡಿದರು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಬಾಗಿಲು ಹಾಕಿದೆವು. ಗಡುವು ಏಪ್ರಿಲ್ 15ರಿಂದ ಜುಲೈ 15ಕ್ಕೆ ಹೋಯಿತು. ಫೋನಿನಲ್ಲೇ ಕೇಳಿ, ಕಾಗದ ಸ್ಕ್ಯಾನ್ ಮಾಡಿ, ಮನೆಯಿಂದಲೇ ತುಂಬಿದೆವು. ಚೆಕ್ ಮಾಡುವುದನ್ನು ಆವಾಗಲೂ ಬಿಡಲಿಲ್ಲ. ಫೋನಿನಲ್ಲೇ ಇನ್ನೊಬ್ಬರು ಮತ್ತೆ ಎಲ್ಲವನ್ನೂ ಕೇಳುತ್ತಿದ್ದರು.

ನಮ್ಮ ಕಡೆಯ ಹುಡುಗರಿಗೆ ಒಂದು ಮಾತು. ಬೆಂಗಳೂರು, ಮೈಸೂರು, ಬೆಳಗಾವಿಯಿಂದ ಓದಲು ಬರುವವರು ಎಫ್-1 ವೀಸಾದಲ್ಲಿ ಮೊದಲ ಐದು ವರ್ಷ ಸಾಮಾನ್ಯವಾಗಿ 1040-ಎನ್‌ಆರ್, ಅಂದರೆ ಅನಿವಾಸಿಗಳ ರಿಟರ್ನ್, ಹಾಕಬೇಕು. ಎಷ್ಟೋ ಜನ ಗೊತ್ತಿಲ್ಲದೆ ಸಾಮಾನ್ಯ 1040 ಹಾಕಿ, ತಮ್ಮದಲ್ಲದ ಕ್ರೆಡಿಟ್ ತೆಗೆದುಕೊಂಡು, ಆಮೇಲೆ ವಾಪಸ್ ಕಟ್ಟಲು ಒದ್ದಾಡುತ್ತಾರೆ. ಇನ್ನು ಕೆಲವರು ತಮಗೆ ಬರಬೇಕಾದ್ದನ್ನೇ ಬಿಡುತ್ತಾರೆ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶದ ಹೆಚ್ಚಿನ ವಿದ್ಯಾರ್ಥಿಗಳಿಗೆ ಇದಿಲ್ಲ. ವರ್ಷಕ್ಕೆ ಎರಡು ಸಂಜೆ ನಾವು ಇದಕ್ಕೇ ಅಂತ ಇಟ್ಟಿದ್ದೇವೆ. ಇದಕ್ಕೆ ಬೇರೆ ಪರೀಕ್ಷೆ ಪಾಸಾದವರನ್ನೇ ಕೂರಿಸುತ್ತೇವೆ. ಅವತ್ತು “ಅಕ್ಕಾ” ಅಂತ ಓಡಿಬಂದ ಹುಡುಗಿಯೇ ಈಗ ಆ ಸಂಜೆಗಳನ್ನು ನಡೆಸುವುದು.

ಆ ಹೆಂಗಸು ಪ್ರತಿ ವರ್ಷ ಬರುತ್ತಾರೆ. 2025ರ ಸೀಸನ್‌ನಲ್ಲೂ ಬಂದರು. ಹುಡುಗ ಈಗ ಅವರಿಗಿಂತ ಉದ್ದ. 2024ರಲ್ಲಿ 17 ತುಂಬಿದ್ದರಿಂದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ನಿಂತಿತು. ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಇನ್ನೂ ಇದೆ ಅಂತ ಬಾಗಿಲ ಮೇಜಿನಲ್ಲೇ ಬಿಡಿಸಿ ಹೇಳಿದರು. ಬೇಸಿಗೆಯಲ್ಲಿ ಅವನು ದಿನಸಿ ಅಂಗಡಿಯಲ್ಲಿ ಕೆಲಸ ಮಾಡಿದ್ದ. ವರ್ಷದ ಸಂಬಳದ ಲೆಕ್ಕ ತೋರಿಸುವ, ಅವನದೇ ಡಬ್ಲ್ಯೂ-2 ಫಾರ್ಮ್ ಕೈಯಲ್ಲಿತ್ತು. “ಇದನ್ನ ಮೊಬೈಲಲ್ಲೇ ಹಾಕಿಬಿಡೋಣ ಅಂದ್ಕೊಂಡಿದ್ದೆ” ಅಂದ. ನಮ್ಮ ಬಸ್ ಡ್ರೈವರ್ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ‘ಬೇರೆಯವರು ನನ್ನನ್ನು ಅವಲಂಬಿತ ಅಂತ ತೋರಿಸಬಹುದು’ ಅನ್ನುವ ಚೌಕಕ್ಕೆ ಟಿಕ್ ಹಾಕದೆ ತನ್ನ ರಿಟರ್ನ್ ಕಳಿಸಿದ್ದರೆ ಚಿಕ್ಕಮ್ಮನ ರಿಟರ್ನ್ ತಿರಸ್ಕಾರವಾಗಬಹುದಿತ್ತು. ಅದನ್ನು ತೋರಿಸಿದರು. ಅವನು ಟಿಕ್ ಹಾಕಿದ. ಇಬ್ಬರ ರಿಟರ್ನನ್ನೂ ಬೇರೆಯವರು ಮತ್ತೊಮ್ಮೆ ನೋಡಿದರು. ಆಮೇಲೆ ಕಳಿಸಿದೆವು.