ಬೆಣ್ಣೆ ಬಟ್ಟೆ ಸುತ್ತಿದ ಚೆಡ್ಡರ್: ದಾವಣಗೆರೆ ಬಿಸಿಲಲ್ಲಿ ನನ್ನ ಅನುಭವ

ಐದು ತಿಂಗಳು ಹಣ್ಣಾಗಲು ಬಿಟ್ಟಿದ್ದ ಚೆಡ್ಡರ್ ಚೀಸಿನ ಅಚ್ಚನ್ನು ಹೋದ ಭಾನುವಾರ ಕೊಯ್ದೆ. ಒಳಗೆ ಎಲ್ಲೂ ತೂತಿಲ್ಲ, ಬಿರುಕಿಲ್ಲ, ಕಹಿ ಇಲ್ಲ. ಬೆಣ್ಣೆ ಕಾಯಿಸುವಾಗ ಬರುವ ಘಮದಂಥದ್ದೇ ಒಂದು ಘಮ, ಕೊನೆಗೆ ನಾಲಿಗೆ ಮೇಲೆ ಸಣ್ಣ ಹುಳಿ. “ಪನೀರ್ ಮಾಡ್ಕೊಂಡು ಸುಮ್ನಿರ್ರಿ, ಗಟ್ಟಿ ಚೀಸೆಲ್ಲ ಊಟಿ, ಕೊಡೈಕೆನಾಲ್ ಕಡೆಯವ್ರಿಗೆ” ಅಂದವರು ಒಬ್ಬಿಬ್ಬರಲ್ಲ. ಪಾಂಡಿಚೇರಿ ಪಕ್ಕದ ಆರೋವಿಲ್‌ನಲ್ಲಿ ಎಷ್ಟೋ ವರ್ಷದಿಂದ ಚೀಸ್ ಮಾಡುತ್ತಿದ್ದಾರೆ, ಅದೇನು ತಣ್ಣನೆ ಊರಾ? ಹಾಗೆ ಅಂದವರ ಮನೆಗೆಲ್ಲ ಒಂದೊಂದು ತುಂಡು ಕಳಿಸಿದೆ. ಇಬ್ಬರು ಡಬ್ಬಿ ವಾಪಸ್ ಕೊಡುವಾಗ ಇನ್ನೊಂದು ತುಂಡು ಕೇಳಿದರು.

ರೆನೆಟ್ (ಹಾಲು ಗಡ್ಡೆ ಕಟ್ಟಿಸುವ ಕಿಣ್ವ), ಕಲ್ಚರ್ (ಹಾಲು ಹುಳಿಯಾಗಿಸುವ ಬ್ಯಾಕ್ಟೀರಿಯಾ) ಬಳಸಿ ಗೊತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮೊದಲಿಂದ ಹೇಳುತ್ತಾ ಕೂರುವುದಿಲ್ಲ.

ಶುರುವಿನಲ್ಲಿ ಪ್ಯಾಕೆಟ್ ಹಾಲಲ್ಲಿ ಎರಡು ಸಲ ಮಾಡಿ ಕೈಬಿಟ್ಟೆ. ಹೋಮೊಜಿನೈಸ್ ಆದ, ಅಂದರೆ ಕೊಬ್ಬನ್ನು ಸಣ್ಣಗೆ ಒಡೆದು ಬೆರೆಸಿದ ಹಾಲು, ಗಡ್ಡೆ ಕಟ್ಟಿದರೂ ಚಾಕು ಹಾಕಿದ ಕೂಡಲೇ ಗಂಜಿಯಾಗುತ್ತಿತ್ತು. ಆಮೇಲೆ ದೊಡ್ಡಬಾತಿಯಲ್ಲಿ ಮೈದುನನ ಕೊಟ್ಟಿಗೆಯಿಂದ ಕರೆದ ಹಾಲನ್ನೇ ತರಿಸತೊಡಗಿದೆ. ಲೀಟರಿಗೆ 45 ರೂಪಾಯಿ. ಮನೆಯವನಾದರೂ ದುಡ್ಡು ಬಿಡಲಿಲ್ಲ, ಬಿಡಬೇಕಾಗೂ ಇಲ್ಲ.

ಹಸಿ ಹಾಲಲ್ಲೇ ಮಾಡಿದರೆ ರುಚಿ ಜಾಸ್ತಿ ಅಂತ ಕಾಯಿಸದೆ ಮಾಡಿದೆ. ಮೂರನೇ ಅಚ್ಚು ಒತ್ತಡದಲ್ಲಿದ್ದಾಗಲೇ ಪೂರಿ ಹಾಗೆ ಉಬ್ಬಿತು. ಕೊಯ್ದರೆ ಒಳಗೆಲ್ಲ ಸ್ಪಂಜು, ಕೊಟ್ಟಿಗೆ ವಾಸನೆ. ಕೋಲಿಫಾರ್ಮ್ ಅನ್ನುವ, ಸಗಣಿ ಕೊಳೆಯಿಂದ ಬರುವ ಬ್ಯಾಕ್ಟೀರಿಯಾದ ಕಾಟ. 20 ಲೀಟರ್ ಹಾಲು ತಿಪ್ಪೆಗೆ ಹೋಯಿತು, ಎಮ್ಮೆಗೂ ಹಾಕಲಿಲ್ಲ. ಅವತ್ತಿನಿಂದ 63 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿದು ಆರಿಸಿಯೇ ಮಾಡುತ್ತೇನೆ. ಆರಿಸಿದ ಮೇಲೆ 20 ಲೀಟರಿಗೆ ಒಂದು ಚಮಚ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ಗಡ್ಡೆ ಗಟ್ಟಿಯಾಗಲಿ ಅಂತ. ರುಚಿ ಏನೂ ಕಮ್ಮಿಯಾಗಿಲ್ಲ.

ಅದಾದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಒಂದು ದಿನ ಎರಡು ಗಂಟೆಯಾದರೂ ಹುಳಿಯೇ ಏರಲಿಲ್ಲ, ಹುಳಿ ಅಳೆಯುವ ಪಿಎಚ್ ಪಟ್ಟಿ 6.5ರಲ್ಲೇ ನಿಂತಿತ್ತು. ಕಲ್ಚರ್ ಸತ್ತಿದೆ ಅಂದುಕೊಂಡು ಹೊಸ ಪೊಟ್ಟಣ ತರಿಸಿದೆ, 700 ರೂಪಾಯಿ ದಂಡ. ಆಮೇಲೆ ಗೊತ್ತಾಯಿತು, ಒಂದು ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಡಿಸಿದ್ದರಂತೆ. ಆಂಟಿಬಯೋಟಿಕ್ ಇರುವ ಹಾಲಲ್ಲಿ ಕಲ್ಚರ್ ಬೆಳೆಯುವುದಿಲ್ಲ. ಈಗ ಹಿಂದಿನ ದಿನವೇ ಪ್ರತಿ ಹಸುವಿನ ಹಾಲನ್ನು ಒಂದೊಂದು ಲೋಟ ತರಿಸಿ ಹೆಪ್ಪು ಹಾಕಿ ನೋಡುತ್ತೇನೆ. ಹೆಪ್ಪಾಗದ ಹಸುವಿನ ಹಾಲು ಪಾತ್ರೆಗೆ ಬೀಳುವುದಿಲ್ಲ.

ಏಪ್ರಿಲ್‌ನಲ್ಲಿ ಮಾಡುವವರಿಗೆ ಒಂದು ಮಾತು. ಬೆಳಗ್ಗೆ 4ಕ್ಕೇ ಶುರು ಮಾಡಿ. ಹತ್ತರ ಮೇಲೆ ನಮ್ಮ ಅಡುಗೆಮನೆಯೇ 36 ಡಿಗ್ರಿ ಇರುತ್ತೆ, ಹಾಲು 32ಕ್ಕೆ ನಿಲ್ಲುವುದೇ ಇಲ್ಲ. ಹುಳಿ ಓಡಿಬಿಡುತ್ತೆ, ಚೀಸ್ ಸುಣ್ಣದ ಹಾಗೆ ಉದುರುತ್ತೆ. ನಾನು ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು ಬೇಕೆನಿಸಿದಾಗ ಗಡಿಗೆ ನೀರು ಸುರಿಯುತ್ತೇನೆ. ಚಾಕು ತೂರಿಸಿ ಮೆಲ್ಲಗೆ ಮೇಲೆತ್ತಿದರೆ ಗಡ್ಡೆ ನೇರವಾಗಿ ಸೀಳಬೇಕು, ಆ ಸೀಳಿನಲ್ಲಿ ತಿಳಿಯಾದ ಹಸಿರುಹಳದಿ ಹಾಲೊಡಕು ಬಂದು ನಿಲ್ಲಬೇಕು. ಬೆಳ್ಳಗೆ ಬಂದರೆ ಇನ್ನೈದು ನಿಮಿಷ ಕಾಯಿರಿ. ಕತ್ತರಿಸಿದ ಗಡ್ಡೆ ಬೇಯಿಸುವುದು 39ರವರೆಗೆ, 40 ನಿಮಿಷ. ಹಾಲೊಡಕು ಬಸಿದ ಗಡ್ಡೆಯನ್ನು ಹಲಗೆಯಂತೆ ಕತ್ತರಿಸಿ ಮಗುಚುವ ಕೆಲಸ ಡಿಸೆಂಬರ್‌ನಲ್ಲಿ ಎರಡೂಕಾಲು ಗಂಟೆ ಹಿಡಿದರೆ ಬೇಸಿಗೆಯಲ್ಲಿ ಒಂದೂವರೆಗೇ ಮುಗಿಯುತ್ತೆ. ಉಪ್ಪು ನೂರಕ್ಕೆ 2.

ಒತ್ತುವುದಕ್ಕೆ ಬಡಗಿ ಹತ್ತಿರ ಸನ್ನೆಯ ಚೌಕಟ್ಟು ಮಾಡಿಸಿದೆ, 800 ರೂಪಾಯಿ. ತೂಕಕ್ಕೆ ಹಳೇ ಒರಳಿನ ಗುಂಡುಕಲ್ಲು.

ಹಣ್ಣಾಗಿಸುವುದರಲ್ಲೇ ನನ್ನ ಒಂದು ವರ್ಷ ಹೋಯಿತು. ಸೆಕೆಂಡ್ ಹ್ಯಾಂಡ್ ಫ್ರಿಜ್ 3,500ಕ್ಕೆ ಸಿಕ್ಕಿತು. ಎಸ್‌ಟಿಸಿ-1000 ಅನ್ನುವ, ಉಷ್ಣತೆ ಹಿಡಿದಿಡುವ ಕಂಟ್ರೋಲರ್ ಹಾಕಿ 12 ಡಿಗ್ರಿಗೆ ನಿಲ್ಲಿಸಿದೆ. ಕರೆಂಟ್ ಹೋದಾಗ ಏರದಿರಲಿ ಅಂತ ಕೆಳಗಿನ ಅರೆಯಲ್ಲಿ ನೀರಿನ ಬಾಟಲಿ ತುಂಬಿಟ್ಟೆ. ಮೂರು ತಾಸು ಹೋದರೂ ಎರಡು ಡಿಗ್ರಿ ಏರಿದರೆ ಹೆಚ್ಚು. ಆದರೆ ಫ್ರಿಜ್ ಒಳಗಿನ ಗಾಳಿ ಒಣಗಾಳಿ, ಹೊರಗೂ ಒಣಗಾಳಿ. ಅಚ್ಚು ಹಪ್ಪಳದ ಹಾಗೆ ಬಿರುಕು ಬಿಟ್ಟು, ಬಿರುಕಿನೊಳಗೆ ನೀಲಿ ಬೂಷ್ಟು ಇಳಿಯಿತು. ಮೇಣ ಹಚ್ಚಿದೆ. ಮೇಣದ ಕೆಳಗೆ ನೀರು ಬಿಟ್ಟು ಕಹಿಯಾಯಿತು. ಹೀಗೆ ಐದು ಅಚ್ಚು ಕಳೆದುಕೊಂಡೆ. ಲೆಕ್ಕ ಬರೆದಿಟ್ಟಿಲ್ಲ, ಎಲ್ಲಾ ಸೇರಿ 14-15 ಸಾವಿರ ನೀರಿಗೆ ಹೋಗಿರಬೇಕು. “ಆ ದುಡ್ಡಿಗೆ ಒಂದು ಕರು ಬರ್ತಿತ್ತು” ಅಂತ ನಮ್ಮನೆಯವರು ಒಂದೇ ಸಲ ಅಂದರು, ಆಮೇಲೆ ಅನ್ನಲಿಲ್ಲ.

ಇಂಗ್ಲೆಂಡಿನ ಸಾಮರ್ಸೆಟ್ ಕಡೆ ಚೆಡ್ಡರ್ ಅಚ್ಚಿಗೆ ಬಟ್ಟೆ ಸುತ್ತಿ ಹಂದಿ ಕೊಬ್ಬು ಸವರುವ ಪದ್ಧತಿ ಇದೆ. ಅದು ನಮ್ಮ ಮನೆಗೆ ಆಗದ ಮಾತು. ಆದರೆ ದಾವಣಗೆರೆಯಲ್ಲಿ ಬೆಣ್ಣೆಗೇನು ಬರ? ಹತ್ತಿ ಗಿರಣಿಗಳಿದ್ದ ಊರಲ್ಲಿ ಬಟ್ಟೆಗೇನು ಬರ? ಮಾವನವರ ಹಳೇ ಪಂಚೆ ಕುದಿಸಿ ಒಣಗಿಸಿ, ಎರಡು ವೃತ್ತ, ಒಂದು ಉದ್ದ ಪಟ್ಟಿ ಕತ್ತರಿಸಿ, ಬೆಣ್ಣೆ ಸವರಿ ಸುತ್ತಿದೆ. ಮೊದಲ ಸಲ ಹಸಿ ಬೆಣ್ಣೆ ಹಚ್ಚಿದ್ದಕ್ಕೆ ಅದರ ನೀರಿನಂಶಕ್ಕೇ ಬಟ್ಟೆಯ ಕೆಳಗೆ ಬೂಷ್ಟು ಹಿಡಿಯಿತು. ಎರಡನೇ ಸಲ ಬರೀ ತುಪ್ಪ. 12 ಡಿಗ್ರಿಗೆ ಹರಳುಗಟ್ಟಿ ಪದರ ಎದ್ದು ಬಂತು. ಈಗ ಎರಡನ್ನೂ ಬೆರೆಸುತ್ತೇನೆ. ಎಷ್ಟಕ್ಕೆಷ್ಟು, ಮತ್ತೆ ಅದಕ್ಕೆ ಬೀಳುವ ಮೂರನೇ ವಸ್ತು ಯಾವುದು ಅನ್ನುವುದು ನನ್ನಲ್ಲೇ ಇರಲಿ. ಅದಕ್ಕೆ ನಾಲ್ಕು ಅಚ್ಚು ಬೆಲೆ ಕೊಟ್ಟಿದ್ದೇನೆ. ಪಕ್ಕದಲ್ಲಿ ನೀರು ತುಂಬಿದ ಮಣ್ಣಿನ ಕುಡಿಕೆ ಇಟ್ಟರೆ ಗಾಳಿಯ ತೇವ ನೂರಕ್ಕೆ 80-85ರಲ್ಲಿ ನಿಲ್ಲುತ್ತೆ. ಬಟ್ಟೆಯ ಹೊರಗೆ ಬೂದು ಬೂಷ್ಟು ಬಂದರೆ ಹೆದರಬೇಡಿ, ವಾರಕ್ಕೊಮ್ಮೆ ಬ್ರಶ್ ಮಾಡಿ.

ರೆನೆಟ್ ವಿಷಯಕ್ಕೆ ಮನೆಯಲ್ಲಿ ದೊಡ್ಡ ಮಾತಾಗಿತ್ತು. “ಅಲ್ಲವ್ವಾ, ಅದನ್ನ ಕರುವಿನ ಹೊಟ್ಟಿಯಿಂದ ತಗೀತಾರಂತಲ್ಲ, ಲಿಂಗ ಕಟ್ಟಿದೋರ ಮನಿ ಐತಿ” ಅಂದರು ಅತ್ತೆ. ನಾನು ತರಿಸುವುದು ಶಿಲೀಂಧ್ರ ಬೆಳೆಸಿ ತೆಗೆದ ರೆನೆಟ್, ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆ. ಅದನ್ನು ತೋರಿಸಿದ ಮೇಲೆಯೇ ಪಾತ್ರೆ ಮುಟ್ಟಲು ಒಪ್ಪಿದರು. ಅವರ ಸಮಾಧಾನಕ್ಕೆ ಹಿತ್ತಲ ಅಂಜೂರದ ಹಾಲಿನಲ್ಲೂ ಮಾಡಿ ನೋಡಿದೆ. ಎಳೆ ಕಡ್ಡಿ ಮುರಿದು ಎರಡು ಲೀಟರಿಗೆ ಏಳೆಂಟು ಹನಿ ಹಾಕಿದರೆ ಚೆನ್ನಾಗಿಯೇ ಗಡ್ಡೆ ಕಟ್ಟಿತು. ಎರಡು ದಿನ ತಿನ್ನಬಹುದು, ಮೂರನೇ ವಾರಕ್ಕೆ ಕಹಿ. ಎಕ್ಕದ ಹಾಲಲ್ಲೂ ಒಡೆಯುತ್ತೆ ಅಂತ ಯಾರೋ ಅಂದರು; ಅದು ವಿಷ, ಯಾರೂ ಮುಟ್ಟಬೇಡಿ.

ಚಳ್ಳಕೆರೆ ಕಡೆಯ ಕುರಿ ಸಾಕುವವರೊಬ್ಬರಿಂದ ಒಂದೂವರೆ ಲೀಟರ್ ಕುರಿ ಹಾಲು ತರಿಸಿದ್ದೆ, ಅದಕ್ಕೆ ಎಷ್ಟು ಕುರಿ ಕರೆದರೋ ಪಾಪ. ಸುಮಾರು 280 ಗ್ರಾಂ ಬಂತು. ಹಸುವಿನ ಹಾಲಲ್ಲಾದರೆ 150 ಬಂದರೆ ಹೆಚ್ಚು. ಅಷ್ಟು ರುಚಿಯ ಚೀಸ್ ನಾನು ಮತ್ತೆ ಮಾಡಿಲ್ಲ. ಹಾಲು ಸಿಗಬೇಕಲ್ಲ.

ಈಗಿನ ಲೆಕ್ಕ: 20 ಲೀಟರ್ ಹಾಲು 900, ಗ್ಯಾಸು, ರೆನೆಟ್, ಕಲ್ಚರ್ ಸೇರಿ ಹೆಚ್ಚುಕಮ್ಮಿ 1,020. ಹಸಿ ಅಚ್ಚು ಎರಡು ಕಿಲೋ, ಐದು ತಿಂಗಳಿಗೆ ಒಂದೂಮುಕ್ಕಾಲು. ಕಿಲೋಗೆ 600ರ ಒಳಗೇ ಬಿತ್ತು. ಉಳಿದ ಹಾಲೊಡಕನ್ನು 90 ಡಿಗ್ರಿಗೆ ಕಾಯಿಸಿ ನಿಂಬೆ ಹಿಂಡಿದರೆ ಮುಕ್ಕಾಲು ಕಿಲೋ ಮೆತ್ತನೆ ರಿಕೋಟಾ ಬೇರೆ. ಅದರ ನೀರಲ್ಲೇ ರೊಟ್ಟಿ ಹಿಟ್ಟು ಕಲಸುತ್ತೇವೆ, ಜೋಳದ ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತೆ.

ಮೊನ್ನೆ ಎಮ್ಮೆ ಹಾಲಿನ ಅಚ್ಚೊಂದನ್ನು ಸುತ್ತಿಟ್ಟೆ. ಕೊಬ್ಬು ಜಾಸ್ತಿ ಅಂತ ಅರ್ಧ ಕೆನೆ ತೆಗೆದೆ, ಒತ್ತುವಾಗ ಹಾಲೊಡಕು ತಿಳಿಯಾಗಿಯೇ ಬಂತು. ಬಟ್ಟೆ ಮೇಲೆ ಅತ್ತೆಯ ಕೈಯಲ್ಲೇ ತಾರೀಕು ಬರೆಸಿದ್ದೇನೆ. ದೀಪಾವಳಿ ಕಳೆಯುವವರೆಗೆ ಅದನ್ನು ಬಿಚ್ಚುವುದಿಲ್ಲ.